ಮಳೆ ಅಳೆಯುವ ಪಾಠ: ಮೇಷ್ಟ್ರುಗಳ ಜೊತೆ ಮೂರು ವರ್ಷ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಸ್ಟೆಮ್ ಶಿಕ್ಷಣ ತಜ್ಞರು’ ಎಂದು ಅಚ್ಚಾಗಿದೆ. ಅದು ತಪ್ಪು. ನಾನು 2005ರಲ್ಲಿ ಇದೇ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ, ಆಮೇಲೆ ಬಿ.ಇ. ಮಾಡಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವವನು. ಪಾಠ ಮಾಡುವುದು ನನಗೆ ಬರುವುದಿಲ್ಲ. ಬರುವುದಿಲ್ಲ ಎಂದು ಗೊತ್ತಾದ ಕಥೆಯನ್ನೇ ಇವತ್ತು ಹೇಳಬೇಕಾಗಿದೆ.

ಸ್ಟೆಮ್ ಎಂದರೆ ಏನು ಎಂದು ಬೆಳಿಗ್ಗೆ ಒಬ್ಬ ಹಿರಿಯರು ಕೇಳಿದರು. ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ಅಮೆರಿಕದವರು ಮಾಡಿದ ಪದ ಅದು. ನಾಲ್ಕನ್ನೂ ಬೇರೆ ಬೇರೆ ಪಿರಿಯಡ್ಡಿನಲ್ಲಿ ಬೇರೆ ಬೇರೆ ನೋಟ್‌ಬುಕ್ಕಿಗೆ ಬರೆಸುವ ಬದಲು, ಒಂದೇ ಸಮಸ್ಯೆ ಹಿಡಿದು ಕೂಡಿಸಿ ಕಲಿಸಿ ಎನ್ನುವುದು ಅದರ ತಿರುಳು. ಕೇಳಲು ಸುಲಭ. ನಮ್ಮ ರೈತ ಬೋರ್‌ವೆಲ್ ಮೋಟರು ಕೂರಿಸುವಾಗ ಇದು ಭೌತಶಾಸ್ತ್ರ, ಇದು ಗಣಿತ ಎಂದು ಗೆರೆ ಹಾಕಿಕೊಳ್ಳುವುದಿಲ್ಲ. ಶಾಲೆಯಲ್ಲಿ ಮಾತ್ರ ಗೆರೆ ಇದೆ. ಆ ಗೆರೆ ಯಾಕಿದೆ ಎನ್ನುವುದಕ್ಕೂ ಕಾರಣಗಳಿವೆ, ಅದು ನನಗೆ ತಡವಾಗಿ ತಿಳಿಯಿತು.

2019ರಲ್ಲಿ ನಾವು ಒಂದಷ್ಟು ಜನ ಹಳೆಯ ವಿದ್ಯಾರ್ಥಿಗಳು ವಾಟ್ಸಾಪ್ ಗುಂಪಿನಲ್ಲಿ ದುಡ್ಡು ಕೂಡಿಸಿ ನಲವತ್ತು ಸಾವಿರ ರೂಪಾಯಿಯ ಕಿಟ್ ತಂದೆವು. ಆರ್ಡುಯಿನೊ ಬೋರ್ಡುಗಳು, ಸೆನ್ಸರ್‌ಗಳು, ಸಣ್ಣ ಮೋಟರುಗಳು, ಗೆರೆ ಹಿಡಿದು ಓಡುವ ಒಂದು ರೋಬಾಟ್ ಕಾರು. ಶನಿವಾರ ಇಡೀ ದಿನ ಕಾರ್ಯಾಗಾರ. ಕಾರು ಓಡಿತು, ಮಕ್ಕಳು ಕೇಕೆ ಹಾಕಿದರು, ಫೋಟೊ ತೆಗೆಸಿಕೊಂಡೆವು, ಪೇಪರಿನಲ್ಲೂ ಬಂತು. ಮರುವರ್ಷ ಕೊರೊನಾ ಬಂತು, ಶಾಲೆ ಮುಚ್ಚಿತು. 2022ರ ಜೂನ್‌ನಲ್ಲಿ ನಾನು ಮತ್ತೆ ಬಂದಾಗ ಕಿಟ್ ಬೀರುವಿನೊಳಗೆ ಇಟ್ಟ ಹಾಗೆಯೇ ಇತ್ತು. ಅರ್ಧಕ್ಕಿಂತ ಹೆಚ್ಚು ಡಬ್ಬಿಗಳ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ನನಗೆ ಸಿಟ್ಟು ಬಂತು. ಆ ಸಿಟ್ಟನ್ನು ಗಣಿತದ ಮೇಡಂ ಮುಂದೆ ತೋರಿಸಿಯೂ ಬಿಟ್ಟೆ.

ಮೇಡಂ ಈ ಶಾಲೆಗೆ ಬಂದದ್ದು ನಾನು ಬಿಟ್ಟು ಎಷ್ಟೋ ವರ್ಷದ ಮೇಲೆ. ಹಾಗಾಗಿ ನನ್ನನ್ನು ಸರ್ ಎನ್ನುತ್ತಾರೆ. ಅವರು ಹೇಳಿದ್ದು ಇಷ್ಟು: “ಸರ್, ಆ ಬೀರುವಿನ ಬೀಗದ ಕೈ ನನ್ನ ಹತ್ತಿರ ಇದೆ. ಸ್ಟಾಕ್ ಬುಕ್ಕಿನಲ್ಲಿ ನನ್ನ ಸಹಿ ಇದೆ. ಒಂದು ಬೋರ್ಡು ಸುಟ್ಟರೆ ಉತ್ತರ ಹೇಳೋಳು ನಾನು. ನೀವು ಬಂದ ದಿನ ನಾವು ಆರು ಜನ ಹಿಂದೆ ಕುರ್ಚಿ ಹಾಕಿಕೊಂಡು ನೋಡ್ತಾ ಕೂತಿದ್ವಿ. ನಮ್ಮ ಕೈಗೆ ನೀವು ಒಂದು ವೈರೂ ಕೊಡಲಿಲ್ಲ. ಈಗ ಮಕ್ಕಳ ಮುಂದೆ ಅದನ್ನು ತೆಗೆದು ನಾನು ಏನು ಮಾಡಲಿ? ಮಾರ್ಚ್ ಒಳಗೆ ನಾನು ಪುಸ್ತಕ ಮುಗಿಸಬೇಕು. ನಿಮ್ಮ ಕಾರು ಅದರಲ್ಲಿ ಎಷ್ಟನೇ ಅಧ್ಯಾಯ ಬರುತ್ತೆ, ಹೇಳಿ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದಲ್ಲೇ ಕೂತಿದ್ದ ವಿಜ್ಞಾನದ ಮೇಷ್ಟ್ರು ನನಗೇ ಪಾಠ ಮಾಡಿದವರು. ಅವರು ನಕ್ಕು, “ಲೋ, ನೀನು ಬೆಂಗಳೂರಿಂದ ಉತ್ತರ ತಂದಿದೀಯ. ನಮ್ಮ ಹತ್ರ ಪ್ರಶ್ನೆ ಏನೈತೆ ಅಂತ ಕೇಳಲಿಲ್ಲ” ಅಂದರು.

ಆ ಸಂಜೆ ಬಸ್ಸಿನಲ್ಲಿ ಹೋಗುವಾಗ ನನಗೆ ಹೋಶಂಗಾಬಾದ್ ನೆನಪಾಯಿತು. ಮಧ್ಯಪ್ರದೇಶದ ಆ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಹಳ್ಳಿ ಶಾಲೆಗಳಲ್ಲಿ, ಮಕ್ಕಳು ಕೈಯಿಂದ ಮಾಡಿ ಕಲಿಯುವ ವಿಜ್ಞಾನ ಪಾಠ ಶುರುವಾಯಿತು. 1978ರಲ್ಲಿ ಅರವಿಂದ ಗುಪ್ತ ಎನ್ನುವ ಇಂಜಿನಿಯರ್, ಐಐಟಿ ಕಾನ್ಪುರದಲ್ಲಿ ಓದಿ ಟೆಲ್ಕೊದಲ್ಲಿ ಕೆಲಸದಲ್ಲಿದ್ದವರು, ರಜೆ ಹಾಕಿ ಅಲ್ಲಿಗೆ ಹೋದರು. ಸೈಕಲ್ಲಿನ ವಾಲ್ವ್ ಟ್ಯೂಬು ಮತ್ತು ಬೆಂಕಿಕಡ್ಡಿ ಸೇರಿಸಿ ಆಕೃತಿಗಳನ್ನು ಕಟ್ಟುವುದನ್ನು ಅವರು ಅಲ್ಲಿ ರೂಪಿಸಿದರು. ಬೆಂಕಿಕಡ್ಡಿಯ ಕಥೆ ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಆದರೆ ಆ ಕಾರ್ಯಕ್ರಮ ಮೂವತ್ತು ವರ್ಷ, 2002ರವರೆಗೆ, ನೂರಾರು ಶಾಲೆಗಳಲ್ಲಿ ನಡೆದದ್ದು ಬೆಂಕಿಕಡ್ಡಿಯಿಂದ ಅಲ್ಲ. ಅಲ್ಲಿ ಮೇಷ್ಟ್ರುಗಳು ಪ್ರಯೋಗವನ್ನು ಮೊದಲು ತಾವೇ ಮಾಡಿ ನೋಡುತ್ತಿದ್ದರು. ತಿಂಗಳಿಗೊಮ್ಮೆ ಸೇರಿ ಯಾವುದು ಕೆಟ್ಟಿತು, ಮಕ್ಕಳು ಏನು ಕೇಳಿದರು ಎಂದು ಮಾತಾಡುತ್ತಿದ್ದರು. ನಾನು ಮಾಡಿದ್ದು ಕಿಟ್ಟು. ಬಿಟ್ಟದ್ದು ಆ ತಿಂಗಳ ಸಭೆ.

ಸರಿ, ಪ್ರಶ್ನೆ ಏನಿತ್ತು? ನಮ್ಮ ಹಿರಿಯೂರು, ಚಳ್ಳಕೆರೆ ಸೀಮೆಯಲ್ಲಿ ಪ್ರಶ್ನೆ ಒಂದೇ, ಮಳೆ. ಆ ವರ್ಷ, 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ ಮೊದಲ ಸಲ. ಊರೂರಿನಿಂದ ಟ್ರ್ಯಾಕ್ಟರ್ ಮಾಡಿಕೊಂಡು ಜನ ಮಾರಿಕಣಿವೆಗೆ ಹೋದರು, ನಮ್ಮ ಮಕ್ಕಳೂ ಹೋದರು. ಬಂದ ಮೇಲೆ ಒಂಬತ್ತನೆಯ ತರಗತಿಯಲ್ಲಿ ಒಂದೇ ಮಾತು: ಈ ಸಲ ಎಷ್ಟು ಮಳೆ ಬಂತು? ಒಬ್ಬ ಹೇಳಿದ ಕೆರೆ ತುಂಬುವಷ್ಟು. ಒಬ್ಬ ಹೇಳಿದ ನಮ್ಮ ಶೇಂಗಾ ಕೊಳೆಯುವಷ್ಟು. ಅಂಕಿ ಯಾರ ಹತ್ತಿರವೂ ಇರಲಿಲ್ಲ. ವಿಜ್ಞಾನದ ಮೇಷ್ಟ್ರು ನನಗೆ ಫೋನ್ ಮಾಡಿ, “ಬಾ, ಪ್ರಶ್ನೆ ಸಿಕ್ತು” ಅಂದರು.

ಈ ಸಲ ಮೊದಲು ಮಕ್ಕಳ ಹತ್ತಿರ ಹೋಗಲಿಲ್ಲ. ಸ್ಟಾಫ್ ರೂಮಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಕೂತೆವು. ಗಣಿತದ ಮೇಡಂ, ವಿಜ್ಞಾನದ ಮೇಷ್ಟ್ರು, ಡ್ರಾಯಿಂಗ್ ಮೇಷ್ಟ್ರು, ನಾನು. ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿಯ ತಲೆ ಕತ್ತರಿಸಿ, ಅದನ್ನು ಬೋರಲು ಹಾಕಿ ಲಾಳಿಕೆ ಮಾಡಿದೆವು. ಬಾಟಲಿಯ ಬುಡ ಉಬ್ಬುತಗ್ಗು, ಅಲ್ಲಿಂದ ಅಳೆದರೆ ತಪ್ಪು ಬರುತ್ತದೆ. ಡ್ರಾಯಿಂಗ್ ಮೇಷ್ಟ್ರು ಬುಡಕ್ಕೆ ಬೆಣಚು ಕಲ್ಲು ಹಾಕಿ, ನೇರ ಗೋಡೆ ಶುರುವಾಗುವ ಮಟ್ಟಕ್ಕೆ ನೀರು ತುಂಬಿ, ಅಲ್ಲಿಗೆ ಸೊನ್ನೆ ಗೆರೆ ಎಳೆದರು. ಇದನ್ನು ನಾನು ಹೇಳಿಕೊಟ್ಟದ್ದಲ್ಲ. ಮೇಡಂ ಎರಡು ಬಾಟಲಿ ಕೆಡಿಸಿದರು, ನಾನು ಮೂರು. ಸ್ಟಾಕ್ ಬುಕ್ಕಿನಲ್ಲಿ ಅದಕ್ಕೆ ಲೆಕ್ಕ ಬರೆಯಬೇಕಾಗಿರಲಿಲ್ಲ. ಆ ಮಧ್ಯಾಹ್ನದ ಸ್ಟಾಫ್ ರೂಮಿನ ನಗು ನನ್ನ ರೋಬಾಟ್ ಕಾರ್ಯಾಗಾರದಲ್ಲಿ ಇರಲಿಲ್ಲ.

ಮಳೆಮಾಪಕ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಮಳೆ ಅಳೆಯುವ ಪಾತ್ರೆಯ ಮಾತು ಬರುತ್ತದೆ. ಹವಾಮಾನ ಇಲಾಖೆಯವರು ದಿನಾ ಬೆಳಿಗ್ಗೆ ಎಂಟೂವರೆಗೆ ಓದುತ್ತಾರೆ, ನಾವೂ ಅದೇ ಹೊತ್ತು ಹಿಡಿದೆವು. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬಿಟ್ಟು ಬಯಲಿನಲ್ಲಿ ಇಡಬೇಕು. ಹಾಗೆ ಅಳೆದು ಹುಡುಕಿದಾಗ ನಮ್ಮ ಶಾಲೆಯ ಅಂಗಳದಲ್ಲಿ ಒಂದೇ ಒಂದು ಜಾಗ ಸಿಕ್ಕಿತು, ಅದು ಕಬಡ್ಡಿ ಅಂಕಣದ ಮೂಲೆ. ಪಿ.ಟಿ. ಮೇಷ್ಟ್ರ ಜೊತೆ ನಡೆದ ಮಾತುಕತೆಯನ್ನು ಇಲ್ಲಿ ಹೇಳುವುದಿಲ್ಲ. ಅವರು ಎದುರಿಗೇ ಕೂತಿದ್ದಾರೆ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಮಕ್ಕಳ ಮುಂದೆ ಪಾಠ ನಡೆದ ದಿನ. ಎರಡು ಪಿರಿಯಡ್ ಕೂಡಿಸಿ, ಮೇಡಂ ಮತ್ತು ಮೇಷ್ಟ್ರು ಇಬ್ಬರೂ ಒಂದೇ ಕೋಣೆಯಲ್ಲಿ ನಿಂತಿದ್ದರು. ಒಬ್ಬಳು ಹುಡುಗಿ ಎದ್ದು ಕೇಳಿದಳು: “ಮಿಸ್, ಇದರ ಬದಲು ಬೋಸಿ ಇಟ್ಟರೆ ನಮ್ಮೂರಲ್ಲಿ ಜಾಸ್ತಿ ಮಳೆ ಬಂದಂಗೆ ಆಗಲ್ವಾ?”

ಇದು ದಡ್ಡ ಪ್ರಶ್ನೆಯಲ್ಲ. ಮಳೆಯನ್ನು ಲೀಟರಿನಲ್ಲಿ ಹೇಳದೆ ಮಿಲಿಮೀಟರಿನಲ್ಲಿ ಯಾಕೆ ಹೇಳುತ್ತಾರೆ ಎನ್ನುವ ಇಡೀ ವಿಷಯ ಅದರಲ್ಲಿದೆ. ನಾನು ಬಾಯಿ ತೆರೆಯುವುದರಲ್ಲಿದ್ದೆ, ಮೇಷ್ಟ್ರು ಕಣ್ಣಲ್ಲೇ ಸುಮ್ಮನಿರಿಸಿದರು. ಅವರು ಒಂದು ಬೋಸಿ, ಒಂದು ಲೋಟ, ಒಂದು ತಟ್ಟೆ ತರಿಸಿದರು. ಮೂರೂ ನೇರ ಅಂಚಿನವು. ಅಂಗಳದಲ್ಲಿ ಸಾಲಾಗಿ ಇಟ್ಟು, ಗಿಡಕ್ಕೆ ನೀರು ಹಾಕುವ ಡಬ್ಬಿಯಿಂದ ಒಂದೇ ಸಮನಾಗಿ ಹುಯ್ಯಿಸಿದರು. ಬೋಸಿಯಲ್ಲಿ ನೀರು ಹೆಚ್ಚು. ಸ್ಕೇಲು ಅದ್ದಿದರೆ ಎತ್ತರ ಹೆಚ್ಚುಕಡಿಮೆ ಒಂದೇ. ಆಗ ಮೇಡಂ ಸೀಮೆಸುಣ್ಣ ಹಿಡಿದರು. ಹದಿನಾಲ್ಕು ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಲಾಳಿಕೆ ತೆಗೆದುಕೊಳ್ಳಿ. ತ್ರಿಜ್ಯ ಏಳು. ಇಪ್ಪತ್ತೆರಡರ ಏಳನೇ ಒಂದು ಭಾಗ ಗುಣಿಸು ಏಳು ಗುಣಿಸು ಏಳು, ವಿಸ್ತೀರ್ಣ 154 ಚದರ ಸೆಂಟಿಮೀಟರ್. ಹತ್ತು ಮಿಲಿಮೀಟರ್ ಮಳೆ ಬಂದರೆ 154 ಮಿಲಿಲೀಟರ್ ನೀರು. ಅಂದರೆ ಒಂದು ಮಿಲಿಮೀಟರಿಗೆ 15.4. ಲಾಳಿಕೆಯ ಕೆಳಗೆ ಯಾವ ಡಬ್ಬಿ ಇದ್ದರೂ ಸರಿ, ನೀರನ್ನು ಸಿರಿಂಜಿನಲ್ಲಿ ಎಳೆದು ಅಳೆದು ಭಾಗಿಸಿದರೆ ಮಳೆ ಸಿಕ್ಕಿತು. ಅದೇ ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಸರಿಯಾಗಿ ಒಂದು ಲೀಟರ್.

ಇದು ಮೇಲ್ಮೈ ವಿಸ್ತೀರ್ಣ ಮತ್ತು ಘನಫಲದ ಅಧ್ಯಾಯದ್ದೇ ಲೆಕ್ಕ. ಪುಸ್ತಕದಲ್ಲಿ ಬರುವುದೇ. ಮೇಡಂ ಕೇಳಿದ “ಎಷ್ಟನೇ ಅಧ್ಯಾಯ” ಎನ್ನುವ ಪ್ರಶ್ನೆಗೆ ಮೇಡಂ ಅವರೇ ಉತ್ತರ ಕಂಡುಕೊಂಡರು. ಮೂರು ತಿಂಗಳ ಮಳೆಯ ಅಂಕಿಗಳನ್ನು ಸಂಖ್ಯಾಶಾಸ್ತ್ರದ ಪಾಠಕ್ಕೂ ಬಳಸಿದರು. ಸರಾಸರಿ, ಮಧ್ಯಾಂಕ ಎರಡನ್ನೂ ಹಾಕಿಸಿದಾಗ ಮಧ್ಯಾಂಕ ಸೊನ್ನೆ ಬಂತು. ಯಾಕೆಂದರೆ ಅರ್ಧಕ್ಕಿಂತ ಹೆಚ್ಚು ದಿನ ಮಳೆಯೇ ಇಲ್ಲ. ಸರಾಸರಿ ಮಾತ್ರ ನೋಡಿದರೆ ದಿನಾ ಸ್ವಲ್ಪ ಸ್ವಲ್ಪ ಬಂದಂತೆ ಕಾಣುತ್ತದೆ. ಮಧ್ಯಾಂಕ ಯಾಕೆ ಬೇಕು ಎನ್ನುವುದು ನನಗೂ ಅವತ್ತೇ ಪೂರ್ತಿ ಅರ್ಥವಾಗಿದ್ದು, ಇದು ಸುಳ್ಳಲ್ಲ.

ಊರಿನವರೂ ಒಳಗೆ ಬಂದರು. ಒಬ್ಬ ತಾತ, “ಮಿಲಿಮೀಟರು ಗಿಲಿಮೀಟರು ಬ್ಯಾಡ, ಎಷ್ಟು ನೆಂದೈತೆ ಹೇಳ್ರೋ” ಅಂದರು. ಮೇಷ್ಟ್ರು ಅದನ್ನೂ ಪಾಠ ಮಾಡಿದರು. ಮಳೆಯ ಮಾರನೇ ದಿನ ಕೆಂಪು ನೆಲದಲ್ಲಿ ಒಂದು ಗುಂಡಿ, ಎರೆ ನೆಲದಲ್ಲಿ ಒಂದು ಗುಂಡಿ. ಅದೇ ಮಳೆಗೆ ಕೆಂಪು ಮಣ್ಣು ಮುಕ್ಕಾಲು ಗೇಣು ನೆಂದಿದ್ದರೆ ಎರೆ ಅದರ ಅರ್ಧ ಮಾತ್ರ. ನೋಟ್‌ಬುಕ್ಕಿನಲ್ಲಿ ಈಗ ಮಿಲಿಮೀಟರ್ ಪಕ್ಕದಲ್ಲಿ ಗೇಣಿನ ಕಾಲಮ್ಮೂ ಇದೆ, ಮಳೆ ನಕ್ಷತ್ರದ ಕಾಲಮ್ಮೂ ಇದೆ.

ಇಂಜಿನಿಯರಿಂಗ್ ಎಲ್ಲಿ ಬಂತು ಎನ್ನುತ್ತೀರಾ? ನಮ್ಮ ರಾಜ್ಯದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಲೆಕ್ಕ ಕಳಿಸುವ ಮಳೆಮಾಪಕ ಹಾಕಿದ್ದಾರೆ. ಅಂಥ ಮಾಪಕಗಳ ಒಳಗೆ ಸಾಮಾನ್ಯವಾಗಿ ಇರುವುದು ಒಂದು ಪುಟ್ಟ ಏತ. ಎರಡು ಬಟ್ಟಲಿನ ಏತಪಾತ. ಒಂದು ಬಟ್ಟಲು ತುಂಬಿದರೆ ವಾಲಿ ಸುರಿಯುತ್ತದೆ, ಇನ್ನೊಂದು ಮೇಲೆ ಬರುತ್ತದೆ. ವಾಲಿದಾಗಲೆಲ್ಲ ಅಯಸ್ಕಾಂತವೊಂದು ರೀಡ್ ಸ್ವಿಚ್ ಮುಂದೆ ಹಾದು ಒಂದು ಎಣಿಕೆ ಆಗುತ್ತದೆ. ಮಕ್ಕಳು ಇದನ್ನು ಮಾಡಬೇಕೆಂದರು. ನಾನು ಖುಷಿಯಿಂದ ಬೀರು ಕಡೆ ಹೊರಟೆ, ಆರ್ಡುಯಿನೊ ತರಲು. ಮೇಡಂ ತಡೆದರು. “ಎಣಿಸೋದಕ್ಕೆ ಅಷ್ಟು ದೊಡ್ಡದು ಬೇಕಾ?”

ಬೇಕಾಗಿರಲಿಲ್ಲ. ಅಂಗಡಿಯಲ್ಲಿ ಸಿಗುವ ಅಗ್ಗದ ಕ್ಯಾಲ್ಕುಲೇಟರಿನಲ್ಲಿ ಒಂದು ಪ್ಲಸ್ ಒಂದು ಒತ್ತಿ, ಆಮೇಲೆ ಸಮ ಚಿಹ್ನೆಯನ್ನು ಒತ್ತುತ್ತಾ ಹೋದರೆ ಒಂದೊಂದೇ ಏರುತ್ತದೆ. ಆ ಸಮ ಚಿಹ್ನೆಯ ಗುಂಡಿಯ ಎರಡು ತುದಿಗೆ ವೈರು ಬೆಸೆದು ರೀಡ್ ಸ್ವಿಚ್ಚಿಗೆ ಕೊಟ್ಟರೆ ಎಣಿಕೆಯ ಯಂತ್ರ ತಯಾರು. ಊರಿನ ಮೊಬೈಲ್ ರಿಪೇರಿ ಅಂಗಡಿಯ ನಮ್ಮ ಜೂನಿಯರ್ ಬೆಸುಗೆ ಹಾಕಿಕೊಟ್ಟ. ಒಟ್ಟು ಖರ್ಚು ಮುನ್ನೂರು ರೂಪಾಯಿ ದಾಟಲಿಲ್ಲ. ಬಟ್ಟಲು ಮಾತ್ರ ಹಟ ಮಾಡಿತು. ಒಂದೊಂದು ವಾಲಿಗೆ 7.7 ಮಿಲಿಲೀಟರ್ ಹಿಡಿದರೆ ಅರ್ಧ ಮಿಲಿಮೀಟರ್ ಮಳೆ ಎಂದು ಲೆಕ್ಕ. ಮೊದಲನೆಯದು ಹನ್ನೊಂದು ಹಿಡಿಯಿತು. ಎರಡನೆಯದು ಒಂದು ಕಡೆ ಆರು, ಇನ್ನೊಂದು ಕಡೆ ಒಂಬತ್ತು. ಅಡಿಯಲ್ಲಿ ಎರಡು ತಿರುಪು ಮೊಳೆ ಇಟ್ಟು ಸರಿಹೊಂದಿಸಬೇಕು ಎಂದು ಎಂಟನೆಯ ತರಗತಿಯ ಇಬ್ಬರು ಹುಡುಗರು ಕಂಡುಹಿಡಿಯುವ ಹೊತ್ತಿಗೆ ದಸರಾ ರಜೆ ಬಂದಿತ್ತು. ನಲವತ್ತು ಸಾವಿರದ ಕಿಟ್ಟಿನಲ್ಲಿ ಹೀಗೆ ಮೂರು ಸಲ ಕೆಡಿಸಿ ಮಾಡುವ ಧೈರ್ಯ ಯಾರಿಗೆ ಇರುತ್ತಿತ್ತು?

ಈಗ ನಿಮಗೆಲ್ಲ ಗೊತ್ತಿರುವ ವಿಷಯಕ್ಕೆ ಬರುತ್ತೇನೆ. ಹೆಣ್ಣುಮಕ್ಕಳ ಶೌಚಾಲಯದ ಪಕ್ಕದಲ್ಲಿ ನಿಂತಿರುವ ಎರಡು ಸಿಂಟೆಕ್ಸ್.

ಶೌಚಾಲಯ ಕಟ್ಟಿಸಿ ವರ್ಷಗಳಾಗಿದ್ದವು, ನೀರು ಇರಲಿಲ್ಲ. ಬೋರ್‌ವೆಲ್ ಬತ್ತಿತ್ತು. ಮಧ್ಯಾಹ್ನ ಬಿಸಿಯೂಟ ಮುಗಿಸಿ ಮನೆಗೆ ಹೋದ ಕೆಲವು ಹುಡುಗಿಯರು ತಿರುಗಿ ಬರುತ್ತಿರಲಿಲ್ಲ. ಕಾರಣ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 2023ರಲ್ಲಿ ಹತ್ತನೆಯ ತರಗತಿಯ ಹುಡುಗಿಯರೇ ಮಳೆ ನೋಟ್‌ಬುಕ್ ಹಿಡಿದು ಮೇಡಂ ಹತ್ತಿರ ಬಂದರು. ಹೊಸ ಕಟ್ಟಡದ ಆರ್‌ಸಿಸಿ ಚಾವಣಿ ಅಳೆದಿದ್ದರು. ಇಪ್ಪತ್ತನಾಲ್ಕು ಮೀಟರ್ ಉದ್ದ, ಏಳು ಮೀಟರ್ ಅಗಲ, 168 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಹಿಡಿದರೆ 84,000 ಲೀಟರ್. ಆವಿ, ಸೋರಿಕೆ ಕಳೆದು ನೂರಕ್ಕೆ ಎಂಬತ್ತು ಸಿಕ್ಕಿದರೂ 67,200. ನಾನು ಫೋನಿನಲ್ಲಿ ಕೇಳಿ ಹಿಗ್ಗಿ ಹೋದೆ. ವರ್ಷವಿಡೀ ಸಾಕು ಎಂದುಬಿಟ್ಟೆ. ಇನ್ನೂರ ಹತ್ತು ಮಕ್ಕಳು, ತಲೆಗೆ ಮೂರು ಲೀಟರ್, ದಿನಕ್ಕೆ 630. ಭಾಗಿಸಿದರೆ ನೂರಕ್ಕೂ ಹೆಚ್ಚು ದಿನ ಎಂದು ಮನಸ್ಸಿನಲ್ಲೇ ಗುಣಿಸಿಕೊಂಡಿದ್ದೆ.

ಒಬ್ಬ ಹುಡುಗಿ ತಿದ್ದಿದಳು. “ಅಣ್ಣ, ಡಿಸೆಂಬರ್‌ನಿಂದ ನಮ್ಮ ನೋಟ್‌ಬುಕ್ಕಲ್ಲಿ ಬರೀ ಸೊನ್ನೆ ಐತೆ. 67,000 ಲೀಟರ್ ಇಡೋಕೆ ಟ್ಯಾಂಕ್ ಎಲ್ಲೈತೆ?”

ಹದಿನೈದು ವರ್ಷದ ಆ ಹುಡುಗಿಗೆ ಕಂಡದ್ದು ಬಿ.ಇ. ಓದಿದ ನನಗೆ ಕಂಡಿರಲಿಲ್ಲ. ವರ್ಷದ ಒಟ್ಟು ಮಳೆ ಒಂದು ಲೆಕ್ಕ, ಅದು ಯಾವಾಗ ಬರುತ್ತದೆ ಎನ್ನುವುದು ಇನ್ನೊಂದು. ಮತ್ತೆ ಕೂತರು. 25 ಮಿಲಿಮೀಟರಿನ ಒಂದು ಒಳ್ಳೆಯ ಮಳೆಗೆ 3,360 ಲೀಟರ್. ಹತ್ತು ಸಾವಿರ ಲೀಟರ್ ಟ್ಯಾಂಕು ಅಂಥ ಮೂರು ಮಳೆಗೆ ತುಂಬುತ್ತದೆ, ಹದಿನಾರು ದಿನ ನಡೆಯುತ್ತದೆ. ನೋಟ್‌ಬುಕ್ಕಿನ ದಿನದಿನದ ಅಂಕಿ ಹಾಕಿ ನೋಡಿದರೆ, ಜೂನ್‌ನಿಂದ ನವೆಂಬರ್‌ವರೆಗೆ ಶಾಲೆ ನಡೆದ ದಿನಗಳಲ್ಲಿ ಬಹುಪಾಲು ದಾಟಬಹುದು. ಡಿಸೆಂಬರ್ ಮೇಲೆ ಆಗದು. ಆ ತಿಂಗಳುಗಳಿಗೆ ಪಂಚಾಯಿತಿಯ ನೀರೇ ಗತಿ. ಇದನ್ನು ಹಾಗೇ ಬರೆದು, ಗ್ರಾಫ್ ಅಂಟಿಸಿ, ಎಸ್‌ಡಿಎಂಸಿ ಸಭೆಯಲ್ಲಿ ಆ ಹುಡುಗಿಯರೇ ಓದಿದರು. ಶೌಚಾಲಯ ಎನ್ನುವ ಪದವನ್ನು ಗಂಡಸರು ತುಂಬಿದ ಸಭೆಯಲ್ಲಿ ಅವರು ನೇರವಾಗಿ ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ ಎಂದು ಮೇಡಂ ಹೇಳಿದರು. ಟ್ಯಾಂಕಿಗೆ ದುಡ್ಡು ಹಳೆಯ ವಿದ್ಯಾರ್ಥಿಗಳದ್ದು, ಗಾರೆ ಕೆಲಸ ಊರಿನದ್ದು. ಪಂಚಾಯಿತಿಯವರು ವಾರಕ್ಕೆರಡು ದಿನ ನೀರು ಬಿಡಲು ಒಪ್ಪಿದರು. ಒಂದು ಬೇಸಿಗೆ ಬಿಟ್ಟರು, ಇನ್ನೊಂದು ಬೇಸಿಗೆ ನಾವು ನಾಲ್ಕು ಸಲ ಅಲೆಯಬೇಕಾಯಿತು.

ಮೊದಲ ದೊಡ್ಡ ಮಳೆಗೆ ದೋಣಿ ತುಂಬಿ ನೀರೆಲ್ಲ ಹೊರಗೆ ಚೆಲ್ಲಿತು. ಇಳಿಜಾರು ಸಾಲದೆಂದು ಮಕ್ಕಳು ಮೊದಲೇ ಹೇಳಿದ್ದರಂತೆ, ಗಾರೆಯವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಸರಿ ಮಾಡಿದೆ. ಚಾವಣಿಯ ಧೂಳು ತೊಳೆದ ಮೊದಲ ನೀರನ್ನು ಹೊರಗೆ ಬಿಡುವ ಪೈಪೂ ಇದೆ. ದಯವಿಟ್ಟು ಅದರ ಮುಚ್ಚಳ ಕೀಳಬೇಡಿ.

ಮೇಷ್ಟ್ರುಗಳಿಗೆ ಸಹಾಯ ಮಾಡಬೇಕೆಂದಿರುವ ನನ್ನಂಥ ಹಳೆಯ ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ಈ ಪಾಠಕ್ಕೆ ಅತಿ ಕಷ್ಟವಾದದ್ದು ವಿಜ್ಞಾನವಲ್ಲ, ವೇಳಾಪಟ್ಟಿ. ಇಬ್ಬರು ಶಿಕ್ಷಕರಿಗೆ ಒಟ್ಟಿಗೆ ಎರಡು ಪಿರಿಯಡ್ ಸಿಗಬೇಕಾದರೆ ಹೆಡ್‌ಮಾಸ್ಟರು ಮನಸ್ಸು ಮಾಡಬೇಕು, ಉಳಿದ ಮೂವರು ತಮ್ಮ ಪಿರಿಯಡ್ ಬದಲಿಸಿಕೊಳ್ಳಬೇಕು. ನಮ್ಮ ಹೆಡ್‌ಮಾಸ್ಟರು ತಿಂಗಳಿಗೆ ಎರಡು ಸಲ ಕೊಟ್ಟರು. ಮೇಡಂ ಈ ಚಟುವಟಿಕೆಯನ್ನೇ ರೂಪಣಾತ್ಮಕ ಮೌಲ್ಯಮಾಪನದ ಅಂಕಕ್ಕೆ ತೆಗೆದುಕೊಂಡರು, ಹಾಗಾಗಿ ದಾಖಲೆ ಎರಡೆರಡು ಸಲ ಬರೆಯುವುದು ತಪ್ಪಿತು. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಚುನಾವಣೆ ಕೆಲಸ ಎಲ್ಲ ಮುಗಿಸಿ ಬಂದವರಿಗೆ ಇನ್ನೊಂದು ಹೊರೆ ಕೊಟ್ಟು ನಾವು ಬೆಂಗಳೂರು ಬಸ್ಸು ಹತ್ತಬಾರದು. ನಾನು ಮಾಡಿದ ಅತ್ಯಂತ ಉಪಯೋಗದ ಕೆಲಸ ಯಾವುದು ಗೊತ್ತೇ? ಅಂಕಿ ತುಂಬಿದರೆ ಗ್ರಾಫ್ ತಾನೇ ಬರುವ ಒಂದು ಎಕ್ಸೆಲ್ ಹಾಳೆ. ಅರ್ಧ ಗಂಟೆಯ ಕೆಲಸ.

ನಮ್ಮ ವಿಜ್ಞಾನದ ಮೇಷ್ಟ್ರು ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಯಾರು, ಯಾವಾಗ ಬರುತ್ತಾರೋ ತಿಳಿಯದು. ಅತಿಥಿ ಶಿಕ್ಷಕರು ಬಂದರೂ ಬರಬಹುದು. ಮೇಡಂಗೂ ವರ್ಗಾವಣೆಯ ಕಾಲ ಹತ್ತಿರ ಬಂದಿದೆ. ಹಾಗಾದರೆ ಈ ಪಾಠ ಏನಾಗುತ್ತದೆ ಎಂಬ ಚಿಂತೆ ನನಗಿದೆ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಕಳೆದ ವರ್ಷದಿಂದ ಅಕ್ಕಪಕ್ಕದ ಎರಡು ಪ್ರೌಢಶಾಲೆಗಳ ಶಿಕ್ಷಕರನ್ನೂ ಸೇರಿಸಿಕೊಂಡು ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಕೂರುತ್ತಿದ್ದೇವೆ. ಚಹಾ, ಮಂಡಕ್ಕಿ, ಯಾರ ಶಾಲೆಯಲ್ಲಿ ಏನು ಕೆಟ್ಟಿತು ಎನ್ನುವ ಮಾತು, ಇಷ್ಟೇ. ಒಂದು ಶಾಲೆಯವರು ಸೋಲಾರ್ ಒಲೆ ಹಿಡಿದಿದ್ದಾರೆ. ಇನ್ನೊಂದು ಶಾಲೆಯ ಮಾಪಕದಲ್ಲಿ ಒಂದೇ ಸಂಜೆ ನಮ್ಮಲ್ಲಿ ಬಿದ್ದ ಮಳೆಯ ಕಾಲು ಭಾಗವೂ ಬಿದ್ದಿರಲಿಲ್ಲ, ದೂರ ಎಂಟೇ ಕಿಲೋಮೀಟರ್. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರದ ಲೆಕ್ಕ ನಡೆಯುವುದು ಮಾಪಕದ ಅಂಕಿಯ ಮೇಲೆ ಎಂದು ತಿಳಿದ ದಾಳಿಂಬೆ ತೋಟದವರು ಈಗ ನಮ್ಮ ನೋಟ್‌ಬುಕ್ ನೋಡಲು ಬರುತ್ತಿದ್ದಾರೆ. ನಮ್ಮ ಬಾಟಲಿಯ ಅಂಕಿ ವಿಮೆಗೆ ನಡೆಯುವುದಿಲ್ಲ ಎಂದು ಹೇಳಿ ಕಳಿಸುತ್ತೇವೆ. ಆದರೂ ಬರುತ್ತಾರೆ.

ಕೊನೆಗೆ ಎರಡು ಕೋರಿಕೆ. ಹಳೆಯ ಕ್ಯಾಲ್ಕುಲೇಟರು ಯಾರ ಮನೆಯಲ್ಲಾದರೂ ಇದ್ದರೆ, ಗುಂಡಿ ಸವೆದಿದ್ದರೂ ಪರವಾಗಿಲ್ಲ, ಆಫೀಸ್ ರೂಮಿನಲ್ಲಿ ಕೊಡಿ. ಇನ್ನೊಂದು, ಏಪ್ರಿಲ್ ಮತ್ತು ಮೇ ರಜೆಯಲ್ಲಿ ಮಾಪಕ ಓದುವವರು ಇರುವುದಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಳೆಯೆಲ್ಲ ಆಗಲೇ ಬರುವುದು, ಕಳೆದ ಎರಡು ವರ್ಷವೂ ನೋಟ್‌ಬುಕ್ಕಿನಲ್ಲಿ ಆ ಪುಟಗಳು ಖಾಲಿ ಉಳಿದಿವೆ. ಶಾಲೆಯ ಹತ್ತಿರ ಮನೆ ಇರುವವರು ಯಾರಾದರೂ ಬೆಳಿಗ್ಗೆ ಎಂಟೂವರೆಗೆ ಐದು ನಿಮಿಷ ಬಂದು ಓದಿ ಬರೆದಿಡುವುದಾದರೆ ಮೇಡಂ ಹತ್ತಿರ ಹೆಸರು ಕೊಡಿ. ಹೇಗೆ ಓದಬೇಕೆಂದು ಎಂಟನೆಯ ತರಗತಿಯ ಮಕ್ಕಳು ತೋರಿಸಿಕೊಡುತ್ತಾರೆ.